ಸುಂಕದವನ ಮುಂದೆ ಆತ್ಮಕತೆ

1953ರಲ್ಲಿ ಜಪಾನಿನ ಮೂವತ್ತೆರಡರ ತರುಣನೊಬ್ಬ ಜರ್ಮನಿಯ ಡುಸೆಲ್‌ಡಾರ್ಫ್ ನಗರದ ಹೋಟೆಲೊಂದರಲ್ಲಿ ಕೂತು ಐಸ್‌ಕ್ರೀಮ್ ತರಿಸಿಕೊಂಡ. ಐಸ್‌ಕ್ರೀಮಿನ ನೆತ್ತಿಗೆ ಅಲಂಕಾರಕ್ಕೆಂದು ಪುಟಾಣಿ ಕಾಗದದ ಛತ್ರಿಯೊಂದನ್ನು ಸಿಕ್ಕಿಸಿದ್ದರು. ತಂದಿಟ್ಟ ಮಾಣಿ, ಇದು ನಿಮ್ಮ ದೇಶದಿಂದ ಬಂದದ್ದು ಎಂದ. ಅವನು ಹೇಳಿದ್ದು ವಿಶ್ವಾಸದಿಂದಲೇ. ಕೇಳಿದವನಿಗೆ ಮಾತ್ರ ಅದು ಚುಚ್ಚಿತು. ಹೊರಗಿನ ಜಗತ್ತಿಗೆ ಜಪಾನ್ ಎಂದರೆ ಇಷ್ಟೇ, ಕಾಗದದ ಛತ್ರಿ ಮತ್ತು ಅಗ್ಗದ ಆಟಿಕೆ. ನಾವು ನಡೆಯಬೇಕಾದ ದಾರಿ ಇನ್ನೂ ಎಷ್ಟೊಂದು ದೂರ ಇದೆಯಲ್ಲ ಎಂದು ಅವನಿಗೆ ಅನ್ನಿಸಿತಂತೆ.

ಆ ತರುಣ ಅಕಿಯೊ ಮೊರಿಟಾ, ಸೋನಿ ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬರು. ಈ ಪ್ರಸಂಗ ಬರುವುದು 1986ರಲ್ಲಿ ಪ್ರಕಟವಾದ ಅವರ ‘ಮೇಡ್ ಇನ್ ಜಪಾನ್’ ಎಂಬ ಆತ್ಮಕತೆಯಲ್ಲಿ. ಉದ್ಯಮಿಗಳ ಆತ್ಮಕತೆಗಳಲ್ಲಿ ಇದಕ್ಕೊಂದು ದೊಡ್ಡ ಸ್ಥಾನವಿದೆ. ಈಗ ನಮ್ಮ ಪುಸ್ತಕದಂಗಡಿಗಳಲ್ಲಿ ‘ಸಾಧಕರು’ ಎಂಬ ಫಲಕದ ಕೆಳಗೆ ಸಾಲಾಗಿ ನಿಂತಿರುವ ಎಷ್ಟೋ ಪುಸ್ತಕಗಳಿಗೆ ಇದು ಅಜ್ಜನಿದ್ದಂತೆ. ಕಾಲೇಜಿನ ದಿನಗಳಲ್ಲಿ ನಾನು ಇದನ್ನು ಓದಿದ್ದು ಹಾಗೆಯೇ, ಒಬ್ಬ ಹಟವಾದಿಯ ಗೆಲುವಿನ ಕತೆಯಾಗಿ. ಈಚೆಗೆ ಮತ್ತೆ ಓದಿದಾಗ ಬೇರೊಂದು ಪುಸ್ತಕ ಕಾಣಿಸಿತು. ಮೊದಲಿನದಕ್ಕಿಂತ ಹೆಚ್ಚು ಕುತೂಹಲದ್ದು, ಅಷ್ಟೇ ಹೆಚ್ಚು ಅನುಮಾನಕ್ಕೆ ಎಡೆಕೊಡುವಂಥದ್ದು.

ಮೊದಲಿಗೆ ಹೆಸರನ್ನೇ ನೋಡಿ. ‘ಮೇಡ್ ಇನ್ ಜಪಾನ್’ ಎನ್ನುವುದು ಕವಿ ಇಟ್ಟ ಹೆಸರಲ್ಲ, ಮಾರಾಟಗಾರ ಇಟ್ಟ ಹೆಸರೂ ಅಲ್ಲ. ಅದು ಕಸ್ಟಮ್ಸಿನವರ ಮಾತು. ಹೊರದೇಶದ ಸರಕಿನ ಮೇಲೆ ಅದು ಹುಟ್ಟಿದ ದೇಶದ ಹೆಸರು ಇರಲೇಬೇಕೆಂದು ಅಮೆರಿಕದ ಸುಂಕದ ಕಾನೂನು ಹೇಳುತ್ತದೆ. ಮೊದಮೊದಲು ತಮ್ಮ ಪದಾರ್ಥಗಳ ಮೇಲೆ ಈ ಸಾಲನ್ನು ಆದಷ್ಟೂ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದೆವು, ಒಮ್ಮೆ ಅದು ತೀರಾ ಸಣ್ಣದಾಯಿತೆಂದು ಅಮೆರಿಕದ ಕಸ್ಟಮ್ಸಿನವರು ದೊಡ್ಡದು ಮಾಡಿಸಿದರು ಎಂದು ಮೊರಿಟಾ ಸಂಕೋಚವಿಲ್ಲದೆ ಬರೆಯುತ್ತಾರೆ. ಆಗ ಮರೆಮಾಚಬೇಕೆನಿಸಿದ ಅದೇ ಸಾಲನ್ನು ಮೂವತ್ತು ವರ್ಷಗಳ ನಂತರ ಅವರು ತಮ್ಮ ಬದುಕಿನ ಕತೆಗೆ ಶೀರ್ಷಿಕೆ ಮಾಡಿ ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದರು. ಈ ಮೂವತ್ತು ವರ್ಷಗಳ ನಡುವೆ ನಡೆದದ್ದೇನು ಎನ್ನುವುದು ಪುಸ್ತಕದ ವಸ್ತು. ಅದನ್ನು ಯಾರಿಗೆ ಹೇಳಲಾಗುತ್ತಿದೆ ಎನ್ನುವುದು ವಿಮರ್ಶೆಯ ವಸ್ತು.

ಇದು ಜಪಾನೀ ಓದುಗರಿಗೆಂದು ಹುಟ್ಟಿದ ಪುಸ್ತಕವಲ್ಲ. ಪ್ರಕಟವಾದದ್ದು ಅಮೆರಿಕದಲ್ಲಿ. ಸಹಲೇಖಕರು ಇಬ್ಬರು: ಟೈಮ್ ಪತ್ರಿಕೆಗಾಗಿ ಟೋಕಿಯೊದಲ್ಲಿ ಕೆಲಸ ಮಾಡಿದ್ದ ಎಡ್ವಿನ್ ರೈನ್‌ಗೋಲ್ಡ್ ಮತ್ತು ಜಪಾನೀ ಪತ್ರಕರ್ತೆ ಮಿತ್ಸುಕೊ ಶಿಮೊಮುರಾ. ಪ್ರಕಟವಾದ ಕಾಲವನ್ನೂ ಗಮನಿಸಬೇಕು. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳು ಸೇರಿ ಡಾಲರನ್ನು ಇಳಿಸಲು, ಅಂದರೆ ಯೆನ್ನನ್ನು ಏರಿಸಲು, ಒಪ್ಪಿಕೊಂಡಿದ್ದವು. 1986ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಜಪಾನಿನ ಟೆಲಿವಿಷನ್ ಕಂಪನಿಗಳು ಸಂಚು ಮಾಡಿ ಅಗ್ಗದ ಬೆಲೆಗೆ ಮಾರಿದವೆಂದು ಜೆನಿತ್ ಕಂಪನಿ ಹೂಡಿದ್ದ ಮೊಕದ್ದಮೆಯಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಜಪಾನಿನವರ ಪರ ನಿಂತಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಿಪ್ಪುಗಳ ವ್ಯಾಪಾರದ ಬಗ್ಗೆ ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಅಮೆರಿಕದ ಕೆಲವು ಸಂಸದರು ಸಂಸತ್ ಭವನದ ಹುಲ್ಲುಹಾಸಿನ ಮೇಲೆ ತೋಷಿಬಾ ರೇಡಿಯೊವೊಂದನ್ನು ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದರು. ಅದಕ್ಕೆ ಕಾರಣ ತೋಷಿಬಾದ ಅಂಗಸಂಸ್ಥೆಯೊಂದು ಸೋವಿಯತ್ ಒಕ್ಕೂಟಕ್ಕೆ ಯಂತ್ರ ಮಾರಿದ್ದು. ಆದರೆ ಸುತ್ತಿಗೆ ಎತ್ತಿದ ಕೈಗಳಲ್ಲಿದ್ದ ಸಿಟ್ಟು ಅದೊಂದರದ್ದೇ ಆಗಿರಲಿಲ್ಲ.

ನಮ್ಮಲ್ಲೊಂದು ಗಾದೆ ಇದೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಕೇಳಿಸಿಕೊಳ್ಳದವನ ಮುಂದೆ ಗೋಳು ತೋಡಿಕೊಂಡರೆ ಫಲವಿಲ್ಲ ಎನ್ನುವ ಅರ್ಥದಲ್ಲಿ ಅದನ್ನು ಬಳಸುತ್ತೇವೆ. ಮೊರಿಟಾ ಬರೆದದ್ದು ಅಕ್ಷರಶಃ ಅಂಥ ಪುಸ್ತಕ. ಸುಂಕ ಹಾಕಲು ಕೈ ಎತ್ತಿರುವವನ ಮುಂದೆ ನಿಂತು, ಒಡೆಯಾ, ನಾನು ಎಲ್ಲಿಂದ ಬಂದೆ, ಎಷ್ಟು ಕಷ್ಟಪಟ್ಟೆ, ಕೇಳು ಎಂದು ಹೇಳುವ ಕತೆ. ಮೊದಲ ಅಧ್ಯಾಯದ ಹೆಸರು ‘ಯುದ್ಧ’, ಕೊನೆಯದರ ವಿಷಯ ವಿಶ್ವ ವ್ಯಾಪಾರ. ಹಿರೋಷಿಮಾದ ಸುದ್ದಿ ಬಂದಾಗ ನೌಕಾದಳದ ಗೆಳೆಯರೊಂದಿಗೆ ಊಟಕ್ಕೆ ಕೂತಿದ್ದೆ ಎಂದು ಶುರುವಾಗುವ ಪುಸ್ತಕ, ವಿನಿಮಯ ದರದ ಏರಿಳಿತದ ಬಗ್ಗೆ ದೂರು ಹೇಳುತ್ತ ಮುಗಿಯುತ್ತದೆ. ಈ ಎರಡು ತುದಿಗಳನ್ನು ಒಟ್ಟಿಗೆ ಹಿಡಿದರೆ ಇದು ಆತ್ಮಕತೆಯ ವೇಷದಲ್ಲಿರುವ ಅಹವಾಲು ಎಂದು ಗೊತ್ತಾಗುತ್ತದೆ. ಹಾಗಂದ ಮಾತ್ರಕ್ಕೆ ಅದು ಕೆಟ್ಟ ಪುಸ್ತಕವಾಗುವುದಿಲ್ಲ. ಅಹವಾಲುಗಳಲ್ಲೂ ಸತ್ಯ ಇರುತ್ತದೆ. ಅದು ಎಲ್ಲಿ ಇದೆ, ಎಲ್ಲಿ ನುಣುಚಿಕೊಳ್ಳುತ್ತದೆ ಎಂದು ನೋಡಬೇಕು, ಅಷ್ಟೆ.

ಸತ್ಯ ಇರುವುದು ಪುಸ್ತಕದ ಮೊದಲ ಮೂರನೇ ಒಂದು ಭಾಗದಲ್ಲಿ ಎಂದು ನನ್ನ ಅನಿಸಿಕೆ. ಅದರಲ್ಲೂ ಟ್ರಾನ್ಸಿಸ್ಟರ್ ಪರವಾನಗಿಯ ಪ್ರಸಂಗ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದರ ಪೇಟೆಂಟು ಇದ್ದದ್ದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕೈಯಲ್ಲಿ. 1952ರಲ್ಲಿ ಮೊರಿಟಾ ಅವರ ಜೊತೆಗಾರ ಮಸಾರು ಇಬುಕಾ ಅಮೆರಿಕಕ್ಕೆ ಹೋದಾಗ ಅದು ಪರವಾನಗಿಗೆ ಸಿಗುತ್ತದೆಂದು ತಿಳಿಯಿತು. ಶುಲ್ಕ 25,000 ಡಾಲರ್. 1953ರಲ್ಲಿ ಮೊರಿಟಾ ಹೋಗಿ ಸಹಿ ಹಾಕಿದರು. ಇದರಿಂದ ಜನ ಕೊಳ್ಳುವಂಥದ್ದು ಏನಾದರೂ ಮಾಡುವುದಿದ್ದರೆ ಕಿವಿ ಕೇಳದವರ ಶ್ರವಣ ಯಂತ್ರ ಒಂದೇ ಎಂದು ಮಾರಿದವರೇ ಎಚ್ಚರಿಕೆ ಹೇಳಿದ್ದರು. ಇವರ ತಲೆಯಲ್ಲಿದ್ದದ್ದು ರೇಡಿಯೊ.

ಊರಿಗೆ ಮರಳಿದ ಮೇಲೆ ನಿಜವಾದ ಅಡ್ಡಿ ಎದುರಾಯಿತು. ಯುದ್ಧದಲ್ಲಿ ಸೋತ ಜಪಾನಿನಲ್ಲಿ ಡಾಲರಿಗೆ ಬರ. ಒಂದೊಂದು ಡಾಲರೂ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಒಪ್ಪಿಗೆಯಿಲ್ಲದೆ ದೇಶ ಬಿಟ್ಟು ಹೋಗುವಂತಿರಲಿಲ್ಲ. ನಮ್ಮನ್ನು ಕೇಳದೆ ಸಹಿ ಹಾಕಿ ಬಂದಿರಾ ಎಂದು ಅಧಿಕಾರಿಗಳಿಗೆ ಮುನಿಸು. ಇಷ್ಟು ಚಿಕ್ಕ ಕಂಪನಿ ಇಷ್ಟು ಹೊಸ ಸಾಮಾನನ್ನು ತಯಾರಿಸಬಲ್ಲದೇ ಎಂಬ ಅನುಮಾನ ಬೇರೆ. ಇಬುಕಾ ಕಚೇರಿಯ ಮೆಟ್ಟಿಲು ಹತ್ತಿ ಇಳಿದು, ಒಪ್ಪಿಗೆ ಸಿಗುವಷ್ಟರಲ್ಲಿ ಸುಮಾರು ಆರು ತಿಂಗಳು ಕಳೆಯಿತು. 1954ರ ಕೊನೆಗೆ ಅಮೆರಿಕದ ರೀಜೆನ್ಸಿ ಟ್ರಾನ್ಸಿಸ್ಟರ್ ರೇಡಿಯೊ ಅಂಗಡಿಗೆ ಬಂತು. ಇವರ ಟಿಆರ್-55 ಬಂದದ್ದು 1955ರ ಆಗಸ್ಟಿನಲ್ಲಿ. ಆ ಆರು ತಿಂಗಳ ನೋವು ಈ ಪುಟಗಳಲ್ಲಿ ಹಸಿಯಾಗಿದೆ. ಇಲ್ಲಿ ಮೊರಿಟಾ ಪಾಠ ಹೇಳುವುದಿಲ್ಲ, ಕಾಯುತ್ತಾರೆ. ಕಚೇರಿಯ ಬೆಂಚಿನ ಮೇಲೆ ಕೂತು ಕಾದ ಯಾರಿಗಾದರೂ ಅರ್ಥವಾಗುವ ಬರವಣಿಗೆ ಅದು.

ಆದರೆ ಆ ಸಚಿವಾಲಯ ಮಾಡಿದ್ದು ಅದೊಂದೇ ಕೆಲಸವಲ್ಲ. ಡಾಲರ್ ಹೊರಹೋಗದಂತೆ ತಡೆದ ಅದೇ ಕೈ ಹೊರಗಿನ ಸರಕು, ಹೊರಗಿನ ಬಂಡವಾಳ ಒಳಬರದಂತೆಯೂ ತಡೆದಿತ್ತು. ಅಮೆರಿಕದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1960ರ ದಶಕದಲ್ಲಿ ಜಪಾನಿನಲ್ಲಿ ಪೂರ್ತಿ ತನ್ನದೇ ಒಡೆತನದ ಕಾರ್ಖಾನೆ ಹಾಕುತ್ತೇನೆಂದಾಗ ಸಚಿವಾಲಯ ಒಪ್ಪಲಿಲ್ಲ. ವರ್ಷಗಟ್ಟಲೆ ಎಳೆದಾಡಿ 1968ರಲ್ಲಿ ಕೊನೆಗೂ ಬಾಗಿಲು ತೆರೆದದ್ದು ಒಬ್ಬ ಜಪಾನೀ ಪಾಲುದಾರನನ್ನು ಜೊತೆಗೆ ಸೇರಿಸಿಕೊಂಡಾಗ. ಆ ಪಾಲುದಾರ ಸೋನಿ. ಹೀಗೆ, ಕಾಯಿಸಿದ ಬಾಗಿಲೇ ಕಾಯ್ದ ಬಾಗಿಲೂ ಆಗಿತ್ತು. ಆತ್ಮಕತೆಯ ಕಥನದಲ್ಲಿ ಸರಕಾರ ಹೆಚ್ಚಾಗಿ ಅಡ್ಡ ಬರುವ ಪಾತ್ರ. ಅದು ಬೆನ್ನ ಹಿಂದೆ ನಿಂತ ಹೊತ್ತುಗಳಿಗೆ ಅಂಥ ದೃಶ್ಯರೂಪ ಸಿಗುವುದಿಲ್ಲ. ಇದು ಮೊರಿಟಾ ಒಬ್ಬರ ದೋಷವಲ್ಲ, ಈ ಪ್ರಕಾರದ್ದೇ ದೋಷ. ಎಡವಿದ ಕಲ್ಲು ನೆನಪಿರುತ್ತದೆ, ನಡೆದ ರಸ್ತೆ ನೆನಪಿರುವುದಿಲ್ಲ.

ಅಂಗಿಯ ಜೇಬಿನ ಕತೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಟಿಆರ್-63 ಎಂಬ ‘ಕಿಸೆಯಲ್ಲಿ ಹಿಡಿಸುವ’ ರೇಡಿಯೊ ತಂದರು. ಅದು ಮಾಮೂಲಿ ಅಂಗಿಯ ಜೇಬಿಗಿಂತ ಒಂದಿಷ್ಟು ದೊಡ್ಡದೇ ಇತ್ತು. ರೇಡಿಯೊ ಚಿಕ್ಕದು ಮಾಡುವ ಬದಲು ಮಾರಾಟದ ಹುಡುಗರಿಗೆ ಸ್ವಲ್ಪ ದೊಡ್ಡ ಜೇಬಿನ ಅಂಗಿ ಹೊಲಿಸಿಕೊಟ್ಟರು. ಇದನ್ನು ಹೇಳುವಾಗ ಮೊರಿಟಾ ಅವರ ತುಂಟತನ ಚೆನ್ನಾಗಿದೆ. ಅಮೆರಿಕದ ಬುಲೋವಾ ಕಂಪನಿ ಒಂದು ಲಕ್ಷ ರೇಡಿಯೊ ಕೊಳ್ಳುತ್ತೇನೆ, ಆದರೆ ನನ್ನ ಹೆಸರು ಹಾಕಬೇಕು ಎಂದಾಗ ಅವರು ಒಲ್ಲೆ ಎಂದರು. ಇದು ಪ್ರಸಿದ್ಧ ಪ್ರಸಂಗ. ವ್ಯವಹಾರ ಶಾಲೆಗಳಲ್ಲಿ ಇವನ್ನೆಲ್ಲ ಪಾಠ ಮಾಡುತ್ತಾರೆ. ಜೊತೆಗೆ ಇಡಬೇಕಾದ ಇನ್ನೊಂದು ತಾರೀಖನ್ನು ಅಲ್ಲಿ ಹೇಳುತ್ತಾರೋ ಇಲ್ಲವೋ ಗೊತ್ತಿಲ್ಲ: 1955ರ ಸೆಪ್ಟೆಂಬರ್. ಟಿಆರ್-55 ಹುಟ್ಟಿದ ಮರುತಿಂಗಳು. ಜಪಾನ್ ಗ್ಯಾಟ್ ಒಪ್ಪಂದದ ಸದಸ್ಯನಾದದ್ದು ಆಗ. ಯುರೋಪಿನ ಹಲವು ದೇಶಗಳಿಗೆ ಅದು ಇಷ್ಟವಿರಲಿಲ್ಲ. ಕಮ್ಯುನಿಸ್ಟ್ ಚೀನಾದ ಪಕ್ಕದಲ್ಲಿರುವ ಜಪಾನ್ ಉಣ್ಣಲು ತಿನ್ನಲು ಗಟ್ಟಿಯಾಗಿರಲಿ ಎಂದು ಒತ್ತಾಯ ಮಾಡಿ ಸೇರಿಸಿದ್ದು ಅಮೆರಿಕ. ಅಮೆರಿಕದ ಹದಿಹರೆಯದವರು ಜಪಾನಿನ ರೇಡಿಯೊವನ್ನು ಕಿವಿಗಿಟ್ಟುಕೊಂಡು ಕುಣಿಯಲು ಜೇಬಿನಷ್ಟೇ ಶೀತಲ ಸಮರವೂ ಕಾರಣ.

ಇನ್ನು, ಆ ರೇಡಿಯೊಗಳ ಒಳಗಿನ ಕೂದಲೆಳೆಯಂಥ ತಂತಿಗಳನ್ನು ಜೋಡಿಸಿದವರು ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತಿರದ ಹಳ್ಳಿಯ ಹುಡುಗಿಯರು. ಜಪಾನಿನಲ್ಲಿ ಅವರಿಗೆ ‘ಟ್ರಾನ್ಸಿಸ್ಟರ್ ಹುಡುಗಿಯರು’ ಎಂದೇ ಹೆಸರು ಬಿದ್ದಿತ್ತು. ಅವರಲ್ಲಿ ಯಾರೂ ಆತ್ಮಕತೆಯ ಪಾತ್ರವಾಗಿ ನಮ್ಮ ಮನಸ್ಸಿನಲ್ಲಿ ಉಳಿಯುವುದಿಲ್ಲ.

ಪುಸ್ತಕದ ಉತ್ತರಾರ್ಧಕ್ಕೆ ಬಂದರೆ ಬರವಣಿಗೆಯ ಧಾಟಿ ಬದಲಾಗುತ್ತದೆ. ಕಾಯುತ್ತಿದ್ದವನು ಈಗ ಉಪದೇಶಕ. ಜಪಾನಿನಲ್ಲಿ ಕಂಪನಿ ಎಂದರೆ ಸಂಸಾರ, ಅಮೆರಿಕದಲ್ಲಿ ಕಂಪನಿ ಎಂದರೆ ಮೂರು ತಿಂಗಳ ಲಾಭದ ಲೆಕ್ಕ, ಅವರಲ್ಲಿ ವಕೀಲರು ಹೆಚ್ಚು, ನಮ್ಮಲ್ಲಿ ಎಂಜಿನಿಯರುಗಳು ಹೆಚ್ಚು, ಇಂಥವು. ಇದರಲ್ಲಿ ಸುಳ್ಳಿಲ್ಲ, ಆದರೆ ಅಮೆರಿಕದ ಟೆಲಿವಿಷನ್ ಉದ್ಯಮ ಏಕೆ ಮುಳುಗಿತು ಎನ್ನುವುದಕ್ಕೆ ಇದಿಷ್ಟೇ ವಿವರಣೆ ಎಂದು ನಂಬಿಸುವಾಗ ಪುಸ್ತಕ ಜಾರುತ್ತದೆ. ಈ ಭಾಗವನ್ನು ಓದುವಾಗ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಟ್ಟುಕೊಳ್ಳುವುದು ಒಳ್ಳೆಯದು: ಇತಿಹಾಸಕಾರ ಜೆಫರ್ಸನ್ ಕೌವಿ 1999ರಲ್ಲಿ ಪ್ರಕಟಿಸಿದ ‘ಕ್ಯಾಪಿಟಲ್ ಮೂವ್ಸ್’. ಅದು ಆರ್‌ಸಿಎ ಕಂಪನಿ ಅಗ್ಗದ ಕೂಲಿಯನ್ನು ಹುಡುಕಿಕೊಂಡು ಎಪ್ಪತ್ತು ವರ್ಷ ಊರೂರು ಅಲೆದ ಕತೆ.

ಆರ್‌ಸಿಎ ಎಂದರೆ ಅಮೆರಿಕಕ್ಕೆ ಬಣ್ಣದ ಟೆಲಿವಿಷನ್ ತಂದುಕೊಟ್ಟ ಕಂಪನಿ. ಕೌವಿ ಅವರ ಪುಸ್ತಕದಲ್ಲಿ ನಾಯಕನಿಲ್ಲ, ನಾಲ್ಕು ಊರುಗಳಿವೆ. ನ್ಯೂ ಜೆರ್ಸಿಯ ಕ್ಯಾಮ್ಡೆನ್‌ನಲ್ಲಿ 1930ರ ದಶಕದಲ್ಲಿ ಕಾರ್ಮಿಕರು ಸಂಘ ಕಟ್ಟಿ ಮುಷ್ಕರ ಹೂಡಿದರು. 1940ರಲ್ಲಿ ಕಂಪನಿ ಇಂಡಿಯಾನಾದ ಬ್ಲೂಮಿಂಗ್ಟನ್‌ಗೆ ಕಾಲಿಟ್ಟಿತು. ಅಲ್ಲೂ ಕೂಲಿ ಏರಿ, ದನಿ ಏರಿದ ಮೇಲೆ 1960ರ ದಶಕದಲ್ಲಿ ಟೆನೆಸಿಯ ಮೆಂಫಿಸ್. ಅಲ್ಲಿ ಐದು ವರ್ಷವೂ ನಿಲ್ಲಲಿಲ್ಲ. ಆಮೇಲೆ ಮೆಕ್ಸಿಕೊ ಗಡಿಯ ಹುವಾರೆಸ್. ಪ್ರತಿ ಊರಿನಲ್ಲೂ ಮೊದಲು ಕೆಲಸಕ್ಕೆ ಬರುವವರು ಕೈ ಚುರುಕಿನ ಹುಡುಗಿಯರು, ಕೊನೆಗೆ ಮನೆಗೆ ಹೋಗುವವರೂ ಅವರೇ, ಅಷ್ಟರಲ್ಲಿ ಮಧ್ಯವಯಸ್ಸು ದಾಟಿರುತ್ತದೆ. ಬ್ಲೂಮಿಂಗ್ಟನ್ ಕಾರ್ಖಾನೆ ಪೂರ್ತಿ ಬಾಗಿಲು ಹಾಕಿದ್ದು 1998ರಲ್ಲಿ.

ಈ ಅಲೆದಾಟಕ್ಕೆ ದಾರಿ ಮಾಡಿಕೊಟ್ಟದ್ದು ಸುಂಕದ ಪುಸ್ತಕದ ಒಂದು ಸಾಲು. ಅಮೆರಿಕದ ಬಿಡಿಭಾಗಗಳನ್ನು ಹೊರಗೆ ಕಳಿಸಿ, ಜೋಡಿಸಿ, ವಾಪಸು ತಂದರೆ ಹೊರಗೆ ಸೇರಿದ ಮೌಲ್ಯಕ್ಕೆ ಮಾತ್ರ ಸುಂಕ. ಹೊರಗೆ ಸೇರಿದ್ದು ಏನು? ಹೆಚ್ಚಾಗಿ ಕೂಲಿ, ಅದೂ ಅಗ್ಗದ್ದು. ಇದಕ್ಕಿಂತ ದೊಡ್ಡ ವಿಪರ್ಯಾಸ ಪೇಟೆಂಟಿನದು. ಏಕಸ್ವಾಮ್ಯ ವಿರೋಧಿ ಮೊಕದ್ದಮೆಯೊಂದರ ರಾಜಿಯಲ್ಲಿ 1958ರಲ್ಲಿ ಆರ್‌ಸಿಎ ತನ್ನ ಬಣ್ಣದ ಟೆಲಿವಿಷನ್ ಪೇಟೆಂಟುಗಳನ್ನು ಸ್ವದೇಶದ ಕಂಪನಿಗಳಿಗೆ ಶುಲ್ಕವಿಲ್ಲದೆ ಬಿಟ್ಟುಕೊಡಬೇಕಾಯಿತು. ಆಮೇಲೆ ಶುಲ್ಕ ಹುಟ್ಟುವುದು ಹೊರದೇಶದವರಿಂದ ಮಾತ್ರ. ಹಾಗಾಗಿ ಅದು ಜಪಾನಿನ ಕಂಪನಿಗಳಿಗೆ ತನ್ನ ವಿದ್ಯೆಯನ್ನು ಧಾರಾಳವಾಗಿ ಮಾರಿತು. ಅಮೆರಿಕ ಸೋತದ್ದು ಬರೀ ಮೂರು ತಿಂಗಳ ಲಾಭದ ಆಸೆಗೆ ಎನ್ನುವ ಮೊರಿಟಾ ವಾದ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಸ್ವದೇಶದಲ್ಲಿ ಸ್ಪರ್ಧೆ ಉಳಿಯಲಿ ಎಂದು ಒಳ್ಳೆಯ ಮನಸ್ಸಿನಿಂದ ಮಾಡಿದ ರಾಜಿಯೊಂದು ಸಾಗರದಾಚೆಯ ಸ್ಪರ್ಧಿಯನ್ನು ಸಾಕಿತು.

ಮುಂದೆ 1977ರಲ್ಲಿ ಅಮೆರಿಕ ಜಪಾನಿನೊಂದಿಗೆ ಒಂದು ‘ಶಿಸ್ತಿನ ಮಾರಾಟ’ದ ಒಪ್ಪಂದ ಮಾಡಿಕೊಂಡಿತು. ಮೂರು ವರ್ಷಗಳ ಕಾಲ, ವರ್ಷಕ್ಕೆ 17.5 ಲಕ್ಷ ಬಣ್ಣದ ಟೆಲಿವಿಷನ್‌ಗಳಿಗಿಂತ ಹೆಚ್ಚು ಕಳಿಸುವಂತಿಲ್ಲ. ಜಪಾನಿನವರು ಲೆಕ್ಕ ಮೀರಲಿಲ್ಲ. ಬದಲಿಗೆ ಅಮೆರಿಕದ ಒಳಕ್ಕೇ ಬಂದು ಕೂತರು. ಸೋನಿ 1972ರಲ್ಲೇ ಸ್ಯಾನ್ ಡಿಯಾಗೊದಲ್ಲಿ ಕಾರ್ಖಾನೆ ಹಾಕಿತ್ತು. ತೋಷಿಬಾ, ಶಾರ್ಪ್ ಟೆನೆಸಿಗೆ ಬಂದವು. ಇತ್ತ ಜಪಾನಿಗೆ ಮಿತಿ ಹಾಕಿದ ಜಾಗವನ್ನು ಕೊರಿಯಾ, ತೈವಾನ್ ತುಂಬಿಸಿದವು. ಅವಕ್ಕೂ ಮಿತಿ ಹಾಕಬೇಕಾಯಿತು. ಒಪ್ಪಂದದ ಅದೇ ವರ್ಷ ಜೆನಿತ್ ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆದು ಜೋಡಣೆಯ ಕೆಲಸವನ್ನು ಮೆಕ್ಸಿಕೊ, ತೈವಾನ್‌ಗಳಿಗೆ ಸಾಗಿಸುವುದಾಗಿ ಪ್ರಕಟಿಸಿತು. ರಕ್ಷಣೆ ಕೇಳಿದವರಲ್ಲಿ ಮುಂಚೂಣಿಯಲ್ಲಿದ್ದದ್ದು ಅದೇ ಜೆನಿತ್. ಸ್ಯಾನ್ ಡಿಯಾಗೊದಲ್ಲಿ ತೈಲ ಬಿಕ್ಕಟ್ಟಿನ ದಿನಗಳಲ್ಲೂ ಒಬ್ಬರನ್ನೂ ಮನೆಗೆ ಕಳಿಸಲಿಲ್ಲ ಎಂದು ಮೊರಿಟಾ ಹೆಮ್ಮೆಯಿಂದ ಬರೆಯುತ್ತಾರೆ. ಆ ಹೆಮ್ಮೆ ನ್ಯಾಯವಾದದ್ದು. ಆದರೆ ಸ್ಯಾನ್ ಡಿಯಾಗೊದಿಂದ ಗಡಿ ದಾಟಿದರೆ ಸಿಗುವ ಟಿಹುವಾನಾದಲ್ಲಿ ಮುಂದೆ ಸೋನಿಯದೂ ದೊಡ್ಡ ಕಾರ್ಖಾನೆ ಎದ್ದಿತು. ಕೌವಿ ಹೇಳುವ ಕತೆಗೆ ಜಪಾನೀ ಕಂಪನಿಗಳೂ ಹೊರತಲ್ಲ.

ಫ್ರಾನ್ಸಿನವರು ಇದಕ್ಕಿಂತ ನಾಟಕೀಯವಾದ ಉಪಾಯ ಹೂಡಿದರು. 1982ರ ಅಕ್ಟೋಬರಿನಲ್ಲಿ, ಹೊರದೇಶದಿಂದ ಬರುವ ವಿಡಿಯೊ ರೆಕಾರ್ಡರುಗಳೆಲ್ಲ ಪ್ವಾತಿಯೆ ಎಂಬ ಒಳನಾಡಿನ ಊರಿನ ಪುಟ್ಟ ಕಸ್ಟಮ್ಸ್ ಕಚೇರಿಯಲ್ಲೇ ತಪಾಸಣೆಗೆ ಬರಬೇಕೆಂದು ಆಜ್ಞೆ ಹೊರಡಿಸಿದರು. ಬೆರಳೆಣಿಕೆಯ ಸಿಬ್ಬಂದಿ, ಒಂದೊಂದು ಪೆಟ್ಟಿಗೆಯನ್ನೂ ಬಿಚ್ಚಿ ನೋಡುವುದು, ಕಾಗದಪತ್ರವೆಲ್ಲ ಫ್ರೆಂಚಿನಲ್ಲಿ. 732ರಲ್ಲಿ ಅರಬ್ ಸೈನ್ಯವನ್ನು ತಡೆದ ಊರದು. ಸಂಕೇತ ಯಾರಿಗೂ ತಪ್ಪುವಂತಿರಲಿಲ್ಲ. ಮರುವರ್ಷ ಜಪಾನ್ ಇಡೀ ಯುರೋಪಿನ ಸಮುದಾಯಕ್ಕೆ 45.5 ಲಕ್ಷ ರೆಕಾರ್ಡರುಗಳ ಮಿತಿಗೆ ಒಪ್ಪಿದ ಮೇಲೆ ಆ ಆಜ್ಞೆ ಹಿಂದಕ್ಕೆ ಹೋಯಿತು. ಫಿಲಿಪ್ಸ್ ಮತ್ತು ಗ್ರುಂಡಿಗ್ ಕಂಪನಿಗಳ ಸ್ವಂತ ‘ವಿಡಿಯೊ 2000’ ಮಾದರಿ ಉಳಿಯಲಿ ಎನ್ನುವುದೂ ಇದರ ಹಿಂದಿತ್ತು. ಉಳಿಯಲಿಲ್ಲ. 1984ರ ಹೊತ್ತಿಗೆ ಫಿಲಿಪ್ಸ್ ತಾನೇ ಜಪಾನಿನ ವಿಎಚ್ಎಸ್ ಯಂತ್ರಗಳನ್ನು ತಯಾರಿಸತೊಡಗಿತ್ತು. ಅಂದಹಾಗೆ, ಅದೇ ವಿಎಚ್ಎಸ್ ಎದುರು ಸೋನಿಯ ಬೀಟಾಮ್ಯಾಕ್ಸ್ ಕೂಡ ಸೋಲುತ್ತಿತ್ತು. ಆ ಸೋಲಿನ ಬಗ್ಗೆ ಆತ್ಮಕತೆಯ ಬಾಯಿ ಸ್ವಲ್ಪ ಬಿಗಿ.

ಈ ಪ್ರಸಂಗಗಳನ್ನು ಒಟ್ಟಿಗೆ ಇಟ್ಟಾಗ ನನಗೆ ಹೊಳೆದದ್ದು ಇಷ್ಟು. ಸುಂಕದವನಿಗೆ ವಸ್ತುವಿನ ಹೆಸರು ಬೇಕು. ಇದು ರೇಡಿಯೊ, ಇದು ಟೆಲಿವಿಷನ್, ಇದು ಬಿಡಿಭಾಗ ಎಂದು ಕಾಲಮ್ಮಿನಲ್ಲಿ ಬರೆಯದೆ ಅವನು ಹಣ ಎಣಿಸಲಾರ. ತಂತ್ರಜ್ಞಾನ ಮಗ್ಗುಲು ಬದಲಿಸುವ ಹೊತ್ತೆಂದರೆ ಹೆಸರುಗಳು ಸಡಿಲವಾಗುವ ಹೊತ್ತು. ನಮ್ಮ ಹಳ್ಳಿಗಳಲ್ಲಿ ‘ಟ್ರಾನ್ಸಿಸ್ಟರ್’ ಎಂದರೆ ರೇಡಿಯೊ ಎಂದೇ ಅರ್ಥವಾಗಿತ್ತಲ್ಲ, ಹಾಗೆ: ಒಳಗಿನ ಬಿಡಿಭಾಗದ ಹೆಸರು ಇಡೀ ಪದಾರ್ಥವನ್ನು ನುಂಗಿತ್ತು. 1991ರಲ್ಲಿ ಅಮೆರಿಕ ಜಪಾನಿನಿಂದ ಬರುವ ಲ್ಯಾಪ್‌ಟಾಪ್ ಪರದೆಗಳ ಮೇಲೆ ಶೇಕಡ 62.67ರಷ್ಟು ಸುಂಕ ಹೇರಿತು, ತನ್ನ ದೇಶದ ಸಣ್ಣ ಪರದೆ ತಯಾರಕರನ್ನು ಉಳಿಸಲು. ಸುಂಕ ಇದ್ದದ್ದು ಬಿಡಿ ಪರದೆಗೆ, ಪರದೆ ಕೂಡಿಸಿದ ಕಂಪ್ಯೂಟರಿಗೆ ಅಲ್ಲ. ಹಾಗಾಗಿ ಕಂಪ್ಯೂಟರ್ ಕಂಪನಿಗಳು ಜೋಡಣೆಯನ್ನೇ ಹೊರದೇಶಕ್ಕೆ ಒಯ್ಯುವ ದಾರಿ ಹಿಡಿದವು. ಎರಡು ವರ್ಷದಲ್ಲಿ ಸುಂಕ ರದ್ದಾಯಿತು. ಮುಂದೆ ಯುರೋಪಿನ ಒಕ್ಕೂಟ, ಕಂಪ್ಯೂಟರಿನ ಮಾನಿಟರಿಗೆ ಸುಂಕವಿಲ್ಲ, ಆದರೆ ಅದರ ಹಿಂದೆ ವಿಡಿಯೊ ತೋರಿಸಬಲ್ಲ ಇಂಥದೊಂದು ಕಿಂಡಿ ಇದ್ದರೆ ಅದು ಟೆಲಿವಿಷನ್ ಜಾತಿ, ಶೇಕಡ 14 ಕೊಡಿ ಎಂದಿತು. ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2010ರಲ್ಲಿ ಅದನ್ನು ಒಪ್ಪಲಿಲ್ಲ.

ಭಾರತವೂ ಇದೇ ಸಾಲಿನಲ್ಲಿ ನಿಂತಿದೆ. ಮಾಹಿತಿ ತಂತ್ರಜ್ಞಾನದ ವಸ್ತುಗಳಿಗೆ ಸುಂಕ ಹಾಕುವುದಿಲ್ಲ ಎನ್ನುವ 1996ರ ಒಪ್ಪಂದಕ್ಕೆ ನಾವು ಮರುವರ್ಷ ಸೇರಿದೆವು. 2017ರಲ್ಲಿ ಮೊಬೈಲುಗಳ ಮೇಲೆ ಸುಂಕ ಹಾಕಿ, ಮರುವರ್ಷ ಅದನ್ನು ಶೇಕಡ 20ಕ್ಕೆ ಏರಿಸಿದೆವು. ಜಪಾನ್, ತೈವಾನ್ ಮತ್ತು ಯುರೋಪಿನ ಒಕ್ಕೂಟ ದೂರು ಕೊಟ್ಟಾಗ ನಮ್ಮ ವಾದದ ತಿರುಳು: ನಾವು ಒಪ್ಪಿದ್ದು ಆ ಕಾಲದ ಪಟ್ಟಿಗೆ, ಆಮೇಲೆ ಹುಟ್ಟಿದ ಸ್ಮಾರ್ಟ್‌ಫೋನ್ ಅದರಲ್ಲಿಲ್ಲ. 2023ರಲ್ಲಿ ಸಮಿತಿ ನಮ್ಮ ವಿರುದ್ಧ ತೀರ್ಪು ಕೊಟ್ಟಿತು. ಕಾನೂನಿನ ಸರಿತಪ್ಪು ಏನೇ ಇರಲಿ, ಆ ಸುಂಕದ ಗೋಡೆಯ ನೆರಳಿನಲ್ಲೇ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಣೆ ಶುರುವಾಯಿತು. 2020ರ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಆ ಕಾರ್ಖಾನೆಯ ಗಾಜುಗಳು ಪುಡಿಯಾದದ್ದೂ ಉಂಟು. ಆ ಸುದ್ದಿ ಓದಿದಾಗ ನನಗೆ ಮೊರಿಟಾ ನೆನಪಾಗಲಿಲ್ಲ, ಕ್ಯಾಮ್ಡೆನ್ ನೆನಪಾಯಿತು.

ಇಷ್ಟು ಹೇಳಿದ ಮೇಲೂ ‘ಮೇಡ್ ಇನ್ ಜಪಾನ್’ ಓದಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾರೆ. ಅದರ ಜೊತೆ ಓದಲೇಬೇಕಾದದ್ದು ಅದೇ ಲೇಖಕರ ಮತ್ತೊಂದು ಪುಸ್ತಕ. 1989ರಲ್ಲಿ ಮೊರಿಟಾ, ರಾಜಕಾರಣಿ ಮತ್ತು ಕಾದಂಬರಿಕಾರ ಶಿಂತಾರೊ ಇಷಿಹಾರಾ ಜೊತೆ ಸೇರಿ ಜಪಾನೀ ಭಾಷೆಯಲ್ಲಿ ‘ಇಲ್ಲ ಎನ್ನಬಲ್ಲ ಜಪಾನ್’ ಎಂಬ ಅರ್ಥದ ಪುಸ್ತಕ ತಂದರು. ಒಂದು ಅಧ್ಯಾಯ ಅವರದು, ಮುಂದಿನದು ಇವರದು ಎಂಬಂತೆ ಸಾಗುವ ರಚನೆ. ಅಮೆರಿಕದವರು ಹತ್ತು ನಿಮಿಷದಾಚೆ ನೋಡಲಾರರು, ನಾವು ಹತ್ತು ವರ್ಷ ಮುಂದೆ ನೋಡುತ್ತೇವೆ ಎನ್ನುವ ಧಾಟಿಯಲ್ಲಿ ಇಲ್ಲಿ ಮೊರಿಟಾ ಮಾತಾಡುತ್ತಾರೆ. ವಾದ ಹೆಚ್ಚುಕಡಿಮೆ ಆತ್ಮಕತೆಯದ್ದೇ. ಕೇಳುಗ ಮಾತ್ರ ಬೇರೆ. ಮನೆಯವರ ಮುಂದೆ ಆಡುವ ಮಾತಿಗೆ ಸುಂಕದವನ ಮುಂದಿನ ವಿನಯ ಬೇಕಿಲ್ಲ. ಅದೇ ವರ್ಷ ಸೋನಿ ಹಾಲಿವುಡ್ಡಿನ ಕೊಲಂಬಿಯಾ ಪಿಕ್ಚರ್ಸ್ ಕಂಪನಿಯನ್ನು ಕೊಂಡಿತ್ತು.

ಪುಸ್ತಕಕ್ಕೆ ಅನುಮತಿ ಇಲ್ಲದ ಇಂಗ್ಲಿಷ್ ಅನುವಾದವೊಂದು ವಾಷಿಂಗ್ಟನ್ನಿನಲ್ಲಿ ಕೈಯಿಂದ ಕೈಗೆ ಹರಿದಾಡಿತು. ಗದ್ದಲವೆದ್ದಿತು. 1991ರಲ್ಲಿ ಅಧಿಕೃತ ಇಂಗ್ಲಿಷ್ ಆವೃತ್ತಿ ಹೊರಬಂದಾಗ ಅದರ ಮೇಲೆ ಇದ್ದದ್ದು ಇಷಿಹಾರಾ ಹೆಸರು ಮಾತ್ರ. ಮೊರಿಟಾ ತಮ್ಮ ಅಧ್ಯಾಯಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಆ ಆವೃತ್ತಿಯಲ್ಲಿ ಹುಡುಕಿದರೆ ಅವರು ಬರೆದ ಒಂದು ಅಧ್ಯಾಯವೂ ಸಿಗುವುದಿಲ್ಲ. ಅಮೆರಿಕದ ಕಸ್ಟಮ್ಸಿನವರು ಈ ಸಲ ಅಕ್ಷರ ದೊಡ್ಡದು ಮಾಡಿ ಎಂದು ಕೇಳಲಿಲ್ಲ.